ಕಾನೂನು ಪ್ರಾಧ್ಯಾಪಕರಾಗಬೇಕೆ? ಕೆಲಸದಲ್ಲಿ ಏನೇನಿದೆ, ತಯಾರಿ ಹೇಗೆ

1965ರ ಫೆಬ್ರುವರಿಯಲ್ಲಿ ಡೀಟ್ರಿಚ್ ಕಾನ್ರಾಡ್ ಎಂಬ ಜರ್ಮನಿಯ ಕಾನೂನು ವಿದ್ವಾಂಸರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೊಟ್ಟರು. ಸಂವಿಧಾನ ತಿದ್ದುವ ಅಧಿಕಾರಕ್ಕೆ, ಎಲ್ಲೂ ಬರೆದಿಲ್ಲದಿದ್ದರೂ, ಕೆಲವು ಮಿತಿಗಳು ಇರುತ್ತವೆಯೇ ಅನ್ನುವುದು ವಿಷಯ. ಅವರು ಊಹೆಯ ಪ್ರಶ್ನೆಗಳನ್ನು ಒಂದರ ಹಿಂದೆ ಒಂದು ಕೇಳಿದರು. ಜೀವ ಮತ್ತು ಸ್ವಾತಂತ್ರ್ಯ ಕಾಯುವ 21ನೇ ವಿಧಿಯನ್ನೇ ತಿದ್ದುಪಡಿ ಮಾಡಿ ತೆಗೆದುಹಾಕಬಹುದೇ? ಅದೇ ಅಧಿಕಾರ ಬಳಸಿ ಸಂವಿಧಾನವನ್ನೇ ರದ್ದು ಮಾಡಿ ಚಕ್ರವರ್ತಿಯ ಆಳ್ವಿಕೆ ವಾಪಸ್ ತರಬಹುದೇ?

ಆ ಉಪನ್ಯಾಸ ವಕೀಲ ಎಂ.ಕೆ. ನಂಬಿಯಾರ್ ಅವರ ಗಮನಕ್ಕೆ ಬಂತು. ಗೋಲಕನಾಥ್ ಪ್ರಕರಣದಲ್ಲಿ ಆ ವಾದ ಸುಪ್ರೀಂ ಕೋರ್ಟಿನ ಮುಂದೆ ಹೋಯಿತು. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದ ತೀರ್ಪು ಬಂತು. ಸಂವಿಧಾನದ ಮೂಲ ರಚನೆಯನ್ನು ತಿದ್ದುಪಡಿಯಿಂದ ಕೆಡವಲಾಗದು ಎಂದು 13 ನ್ಯಾಯಮೂರ್ತಿಗಳ ಪೀಠ 7–6 ಬಹುಮತದಲ್ಲಿ ಹೇಳಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ತಮ್ಮ ತೀರ್ಪಿನಲ್ಲಿ ಕಾನ್ರಾಡ್ ಅವರ ಬರಹವನ್ನು ಉಲ್ಲೇಖಿಸಿದರು.

ಕಾನೂನು ಪ್ರಾಧ್ಯಾಪಕರ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಕಥೆಯನ್ನೇ. ವಕೀಲರು ಕಕ್ಷಿದಾರ ತಂದ ಪ್ರಶ್ನೆಗೆ ಕೆಲಸ ಮಾಡುತ್ತಾರೆ. ನ್ಯಾಯಾಧೀಶರು ತಮ್ಮ ಮುಂದೆ ಬಂದ ಪ್ರಶ್ನೆಯನ್ನು ತೀರ್ಮಾನಿಸುತ್ತಾರೆ. ಪ್ರಾಧ್ಯಾಪಕರು ಮಾತ್ರ ತಮ್ಮ ಪ್ರಶ್ನೆಯನ್ನು ತಾವೇ ಆರಿಸಿಕೊಳ್ಳುತ್ತಾರೆ. ವಾದದ ಎರಡೂ ಕಡೆಯ ಪರವಾಗಿ ಯೋಚಿಸುತ್ತಾರೆ. ಉತ್ತರ ಯಾರಿಗೂ ಲಾಭ ತರದಿದ್ದರೂ ಅದನ್ನು ಹೇಳುವ ಹಕ್ಕು ಅವರಿಗಿದೆ. ಈ ಸ್ವಾತಂತ್ರ್ಯ ನಿಮ್ಮನ್ನು ಸೆಳೆಯುತ್ತದೆಯೇ? ಹಾಗಿದ್ದರೆ ಮುಂದೆ ಓದಿ. ಬರೀ ರಜೆ ಜಾಸ್ತಿ ಸಿಗುತ್ತದೆ, ಕೋರ್ಟಿನ ಓಡಾಟ ಇಲ್ಲ ಅನ್ನುವ ಕಾರಣಕ್ಕೆ ಬರುವುದಾದರೆ ಎರಡನೇ ವರ್ಷದೊಳಗೇ ಬೇಸರ ಶುರುವಾಗುತ್ತದೆ.

ಮೊದಲು ಕೆಲಸದ ನಿಜವಾದ ಆಕಾರ ನೋಡಿ

ಹೊರಗಿನವರಿಗೆ ಕಾಣುವುದು ತರಗತಿ ಮಾತ್ರ. ಒಳಗೆ ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಪಾಠ ಒಂದು, ಸಂಶೋಧನೆ ಮತ್ತು ಬರವಣಿಗೆ ಇನ್ನೊಂದು, ಸಂಸ್ಥೆಯ ಕೆಲಸ ಮತ್ತೊಂದು. ಸಂಸ್ಥೆಯ ಕೆಲಸ ಅಂದರೆ ಪರೀಕ್ಷೆ, ಪ್ರವೇಶ, ಸಿಲಬಸ್ ಸಮಿತಿ, ಮೂಟ್ ಕೋರ್ಟ್ (ವಿದ್ಯಾರ್ಥಿಗಳ ಅಣಕು ನ್ಯಾಯಾಲಯ), ಕಾನೂನು ನೆರವಿನ ಕೇಂದ್ರ, ಕೊನೆಯಿಲ್ಲದ ಮೀಟಿಂಗ್‌ಗಳು.

ಇವುಗಳ ಪ್ರಮಾಣ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಭಾರತದಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಗಳ ಪ್ರಕಾರ ಪೂರ್ಣಾವಧಿ ಅಧ್ಯಾಪಕರ ಕೆಲಸ ವಾರಕ್ಕೆ 40 ಗಂಟೆಗಿಂತ ಕಡಿಮೆ ಇರುವಂತಿಲ್ಲ. ಅದರಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ನೇರ ಪಾಠ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ. ಅಮೆರಿಕದ ಲಾ ಸ್ಕೂಲ್‌ಗಳಲ್ಲಿ ಕಾಯಂ ಪ್ರಾಧ್ಯಾಪಕರು ವರ್ಷಕ್ಕೆ ಮೂರೋ ನಾಲ್ಕೋ ಕೋರ್ಸ್ ಮಾಡುವುದು ಸಾಮಾನ್ಯ. ಅಲ್ಲಿ ಬರವಣಿಗೆಯ ನಿರೀಕ್ಷೆ ಅಷ್ಟೇ ದೊಡ್ಡದು.

16 ಗಂಟೆ ಅಂದರೆ ಕಡಿಮೆ ಅಲ್ವಾ ಅನಿಸಬಹುದು. ಆದರೆ ಹೊಸ ವಿಷಯದ ಒಂದು ಗಂಟೆಯ ಪಾಠಕ್ಕೆ ಮೊದಲ ವರ್ಷ ಹಲವು ಗಂಟೆಗಳ ತಯಾರಿ ಬೇಕು. ಕಾನೂನು ನಿಂತ ನೀರಲ್ಲ. 2024ರ ಜುಲೈ 1ರಂದು ಭಾರತದಲ್ಲಿ 1860ರ ದಂಡ ಸಂಹಿತೆ, 1973ರ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆ ಮೂರೂ ಒಂದೇ ದಿನ ಬದಲಾದವು. ಕೊಲೆಗೆ ಶಿಕ್ಷೆ ಹೇಳುವ ಕಲಂ 302 ಇದ್ದದ್ದು 103 ಆಯಿತು. ವರ್ಷಗಟ್ಟಲೆ ಬೆಳೆಸಿದ ನೋಟ್ಸ್ ಮತ್ತೆ ಬರೆಯಬೇಕಾಯಿತು. ಹಳೆಯ ಕಾಯ್ದೆಯಡಿ ನಡೆದ ಅಪರಾಧಗಳಿಗೆ ಹಳೆಯದೇ ಅನ್ವಯ, ಹಾಗಾಗಿ ಎರಡನ್ನೂ ಕಲಿಸಬೇಕು.

ನಿಮಗೆ ಒಗ್ಗುತ್ತದೆಯೇ ಅಂತ ಪರೀಕ್ಷೆ ಮಾಡಿ

ಪದವಿ, ಅರ್ಜಿ ಅಂತ ಹೊರಡುವ ಮೊದಲು ಈ ಕೆಲಸ ಮಾಡಿ ನೋಡಿ. ಭಿನ್ನಮತ ಇರುವ ಒಂದು ತೀರ್ಪು ಆರಿಸಿ, ಪೂರ್ತಿ ಓದಿ. ಸಾರಾಂಶ ಓದಿದರೆ ಸಾಲದು. ನಂತರ ಬಹುಮತದ ವಾದವನ್ನು ಒಂದು ಪುಟದಲ್ಲಿ, ಭಿನ್ನಮತದ ವಾದವನ್ನು ಇನ್ನೊಂದು ಪುಟದಲ್ಲಿ ಬರೆಯಿರಿ. ಎರಡನ್ನೂ ಅದೇ ಬಲದಿಂದ ಬರೆಯಬೇಕು. ನೀವು ಯಾರ ಕಡೆ ಅಂತ ಓದಿದವರಿಗೆ ಗೊತ್ತಾಗಬಾರದು.

ಈಗ ಮೂರನೇ ಪುಟ: ಇಬ್ಬರೂ ಕೇಳದೇ ಬಿಟ್ಟ ಪ್ರಶ್ನೆ ಯಾವುದು?

ಮೊದಲ ಎರಡು ಪುಟ ಬರೆಯುವಾಗ ಖುಷಿಯಾದರೆ ನಿಮಗೆ ಪಾಠ ಮಾಡುವ ಮನಸ್ಸಿದೆ. ಮೂರನೇ ಪುಟ ಬರೆಯುವಾಗ ಹೊತ್ತು ಹೋದದ್ದೇ ತಿಳಿಯದಿದ್ದರೆ ಸಂಶೋಧನೆಯ ಮನಸ್ಸೂ ಇದೆ. ಎರಡು ಕಡೆ ಯಾಕೆ, ಗೆಲ್ಲುವ ಕಡೆ ಸಾಕು ಅನಿಸಿದರೆ ವಕೀಲಿಕೆ ನಿಮಗೆ ಚೆನ್ನಾಗಿ ಹೊಂದುತ್ತದೆ. ಅದು ಕಡಿಮೆಯೇನಲ್ಲ, ಬೇರೆ ದಾರಿ ಅಷ್ಟೆ.

ಹಾಗೆಯೇ ನಿಮಗಿಂತ ಕಿರಿಯ ವಿದ್ಯಾರ್ಥಿಗಳಿಗೆ ಏನಾದರೂ ಹೇಳಿಕೊಡಿ. ಅರ್ಥವಾಗದವರಿಗೆ ಮೂರನೇ ಸಲ ಬೇರೆ ರೀತಿಯಲ್ಲಿ ವಿವರಿಸುವಾಗ ನಿಮ್ಮ ಮನಸ್ಸು ಹೇಗಿರುತ್ತದೆ ನೋಡಿಕೊಳ್ಳಿ. ಅಲ್ಲಿ ತಾಳ್ಮೆ ಕೆಡುವುದಾದರೆ ಮುಂದೆ 60 ಜನರ ತರಗತಿಯಲ್ಲಿ ಇನ್ನೂ ಕಷ್ಟ.

ಅರ್ಹತೆಯ ಮೆಟ್ಟಿಲುಗಳು

ಇಲ್ಲಿ ಒಂದೇ ದಾರಿ ಇಲ್ಲ. ಯಾವ ದೇಶದಲ್ಲಿ ಕಲಿಸಬೇಕೆಂದಿದ್ದೀರೋ ಅಲ್ಲಿನ ನಿಯಮವನ್ನು ಪದವಿ ಸೇರುವ ಮೊದಲೇ ನೋಡಬೇಕು.

ಭಾರತದಲ್ಲಿ ಎಲ್‌ಎಲ್.ಬಿ. ಆದಮೇಲೆ ಎಲ್‌ಎಲ್.ಎಂ. ಬೇಕೇ ಬೇಕು. ಅದರಲ್ಲಿ ಕನಿಷ್ಠ ಶೇ. 55 ಅಂಕ ಇರಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 5 ವಿನಾಯಿತಿ ಇದೆ. ಇದರ ಮೇಲೆ ಸಾಮಾನ್ಯವಾಗಿ ನೆಟ್ ಎಂಬ ರಾಷ್ಟ್ರ ಮಟ್ಟದ ಅರ್ಹತಾ ಪರೀಕ್ಷೆ ಅಥವಾ ರಾಜ್ಯ ಮಟ್ಟದ ಸೆಟ್ ಪಾಸಾಗಬೇಕು. ನೆಟ್‌ನಲ್ಲಿ ಎರಡು ಪತ್ರಿಕೆ. ಮೊದಲನೆಯದರಲ್ಲಿ ಬೋಧನೆ, ಸಂಶೋಧನಾ ಸಾಮರ್ಥ್ಯ, ತರ್ಕ ಇತ್ಯಾದಿಗೆ 50 ಪ್ರಶ್ನೆ. ಎರಡನೆಯದರಲ್ಲಿ ಕಾನೂನಿಗೇ 100 ಪ್ರಶ್ನೆ. ಒಟ್ಟು 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಯಾವ ಪ್ರಶ್ನೆಯನ್ನೂ ಬಿಡಬೇಡಿ. ಮೊದಲ ಪತ್ರಿಕೆಯನ್ನು ಕಾನೂನಿನವರು ಕಡೆಗಣಿಸುತ್ತಾರೆ. ಎಷ್ಟೋ ಜನರ ಫಲಿತಾಂಶ ನಿಲ್ಲುವುದು ಅಲ್ಲಿಯೇ.

ನಡುವೆ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್.ಡಿ. ಕಡ್ಡಾಯ ಮಾಡುವ ನಿಯಮ ಬಂದಿತ್ತು. 2023ರ ಜುಲೈನಲ್ಲಿ ಯುಜಿಸಿ ಅದನ್ನು ಬದಲಿಸಿ, ನೆಟ್ ಅಥವಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್.ಡಿ. ಐಚ್ಛಿಕ ಎಂದಿತು. ಆದರೆ ಮೇಲಿನ ಹುದ್ದೆಗಳಿಗೆ ಅದಿಲ್ಲದೆ ಆಗದು. 2018ರ ನಿಯಮಗಳಲ್ಲಿ ಸಹ ಪ್ರಾಧ್ಯಾಪಕರ ನೇರ ನೇಮಕಾತಿಗೆ ಪಿಎಚ್.ಡಿ., 8 ವರ್ಷದ ಅನುಭವ, 7 ಪ್ರಕಟಣೆ ಕೇಳುತ್ತಾರೆ. ಪ್ರಾಧ್ಯಾಪಕರಿಗೆ 10 ವರ್ಷ ಮತ್ತು 10 ಪ್ರಕಟಣೆ. ಈ ನಿಯಮಗಳು ಆಗಾಗ ತಿದ್ದುಪಡಿಯಾಗುತ್ತವೆ. ಅರ್ಜಿ ಹಾಕುವ ವರ್ಷದ ಅಧಿಸೂಚನೆಯನ್ನೇ ಓದಿ, ಯಾರೋ ಹೇಳಿದ್ದನ್ನು ನಂಬಿ ಕೂರಬೇಡಿ.

ಬ್ರಿಟನ್‌ನಲ್ಲಿ ನೆಟ್‌ನಂಥ ಪರೀಕ್ಷೆ ಇಲ್ಲ. ಪಿಎಚ್.ಡಿ. ಮತ್ತು ಪ್ರಕಟಣೆಗಳೇ ಮುಖ್ಯ. ಲೆಕ್ಚರರ್ ಆಗಿ ಸೇರಿ ಮೇಲೇರುತ್ತಾರೆ. ಜರ್ಮನಿಯ ದಾರಿ ಉದ್ದ. ಡಾಕ್ಟರೇಟ್ ಆದ ಮೇಲೆ ಹ್ಯಾಬಿಲಿಟೇಷನ್ ಎಂಬ ಇನ್ನೊಂದು ದೊಡ್ಡ ಸಂಶೋಧನಾ ಗ್ರಂಥ ಬರೆಯುವ ಸಂಪ್ರದಾಯ ಅಲ್ಲಿದೆ. ಅಮೆರಿಕದಲ್ಲಿ ಜೆ.ಡಿ. ಎಂಬ ಕಾನೂನು ಪದವಿಯೇ ಮೂಲ. ನ್ಯಾಯಾಧೀಶರ ಬಳಿ ಕ್ಲರ್ಕ್ (ಕಾನೂನು ಸಹಾಯಕ) ಆಗಿ ಒಂದೆರಡು ವರ್ಷ, ಸ್ವಲ್ಪ ವಕೀಲಿಕೆ, ಬರೆಯಲು ಸಮಯ ಕೊಡುವ ಒಂದು ಫೆಲೋಶಿಪ್, ಆಮೇಲೆ ಹುದ್ದೆಯ ಹುಡುಕಾಟ. ಈಚೆಗೆ ಜೆ.ಡಿ. ಜೊತೆ ಅರ್ಥಶಾಸ್ತ್ರ, ಇತಿಹಾಸ ಅಥವಾ ತತ್ವಶಾಸ್ತ್ರದಲ್ಲಿ ಪಿಎಚ್.ಡಿ. ಇರುವವರು ಅಲ್ಲಿ ಜಾಸ್ತಿಯಾಗಿದ್ದಾರೆ.

ವಕೀಲಿಕೆ ಮಾಡಿ ಬರಬೇಕೇ?

ನನ್ನ ಅಭಿಪ್ರಾಯ: ಎರಡು ಮೂರು ವರ್ಷ ಮಾಡಿದರೆ ಒಳ್ಳೆಯದು. ಸಾಕ್ಷಿಯ ಪಾಟೀಸವಾಲನ್ನು ಕಣ್ಣಾರೆ ನೋಡದವರು ಸಾಕ್ಷ್ಯ ಕಾಯ್ದೆ ಕಲಿಸುವಾಗ ಏನೋ ಕೊರತೆ ಉಳಿಯುತ್ತದೆ. ಆದರೆ ಹತ್ತು ವರ್ಷ ಕಾಯಬೇಕಿಲ್ಲ. ಬರೆಯುವ ಅಭ್ಯಾಸ ತಪ್ಪಿದರೆ ವಾಪಸ್ ತರುವುದು ಕಷ್ಟ.

ಎರಡೂ ಒಟ್ಟಿಗೆ ಮಾಡಬಹುದೇ ಅಂತ ಬಹಳ ಜನ ಕೇಳುತ್ತಾರೆ. ಭಾರತದಲ್ಲಿ ಪೂರ್ಣಾವಧಿ ಸಂಬಳದ ನೌಕರಿಯಲ್ಲಿ ಇರುವವರು ವಕೀಲಿಕೆ ನಡೆಸುವಂತಿಲ್ಲ. ಅದು ಬಾರ್ ಕೌನ್ಸಿಲ್‌ನ ನಿಯಮ. ಆದರೆ 1979ರ ಒಂದು ನಿಯಮದಂತೆ, ವಕೀಲರಾಗಿಯೇ ಇದ್ದುಕೊಂಡು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಪಾಠ ಮಾಡಬಹುದು. ಅರೆಕಾಲಿಕವಾಗಿ ಪಾಠ ಮಾಡಿ ಈ ಕೆಲಸದ ರುಚಿ ನೋಡಲು ಇದೊಂದು ಒಳ್ಳೆಯ ಬಾಗಿಲು.

ನಿಮ್ಮದೇ ಒಂದು ಪ್ರಶ್ನೆ ಹುಡುಕಿಕೊಳ್ಳಿ

ಇಡೀ ದಾರಿಯಲ್ಲಿ ಇದೇ ಮುಖ್ಯ ಹೆಜ್ಜೆ ಅಂತ ನಾನು ನಂಬಿದ್ದೇನೆ. ಪದವಿಗಳು ಬಾಗಿಲು ತೆರೆಯುತ್ತವೆ. ಆಮೇಲೆ ವರ್ಷಾನುಗಟ್ಟಲೆ ನಿಮ್ಮನ್ನು ಎಬ್ಬಿಸಿ ಕೂರಿಸುವುದು ಒಂದು ಪ್ರಶ್ನೆ.

ಸಂವಿಧಾನ, ಅಪರಾಧ ಕಾನೂನು, ತೆರಿಗೆ, ಕಾರ್ಮಿಕ, ಬೌದ್ಧಿಕ ಆಸ್ತಿ ಅಂತ ಕ್ಷೇತ್ರ ಆರಿಸುವುದು ಸುಲಭ. ಆದರೆ ಕ್ಷೇತ್ರ ಬೇರೆ, ಪ್ರಶ್ನೆ ಬೇರೆ. ‘ಜಾಮೀನು ಕಾನೂನು’ ಅನ್ನುವುದು ಕ್ಷೇತ್ರ. ‘ಜಾಮೀನು ಸಿಕ್ಕ ಮೇಲೂ ಶ್ಯೂರಿಟಿ ಕೊಡಲಾಗದೆ ಜೈಲಲ್ಲೇ ಉಳಿಯುವವರ ವಿಷಯದಲ್ಲಿ ಕೋರ್ಟುಗಳ ಆದೇಶದ ಭಾಷೆ ಏನು ಪಾತ್ರ ವಹಿಸುತ್ತದೆ’ ಅನ್ನುವುದು ಪ್ರಶ್ನೆ. ಎರಡನೆಯದನ್ನು ಇಟ್ಟುಕೊಂಡು ನಾಳೆಯೇ ಕೆಲಸ ಶುರು ಮಾಡಬಹುದು. ಆದೇಶಗಳನ್ನು ತೆಗೆದು ಓದಬಹುದು, ಎಣಿಸಬಹುದು, ಹೋಲಿಸಬಹುದು.

ಒಳ್ಳೆಯ ಪ್ರಶ್ನೆಯನ್ನು ಗುರುತಿಸುವುದು ಹೇಗೆ? ಅದಕ್ಕೆ ‘ಇಲ್ಲ’ ಅಂತಲೂ ಉತ್ತರ ಬರಬಹುದಾಗಿರಬೇಕು. ಉತ್ತರ ಬಂದರೆ ಯಾರಾದರೂ ಏನನ್ನಾದರೂ ಬೇರೆ ರೀತಿ ಮಾಡಬೇಕಾಗುವಂತಿರಬೇಕು. ಅದಕ್ಕೆ ಬೇಕಾದ ದಾಖಲೆ ನಿಮ್ಮ ಕೈಗೆ ಸಿಗುವಂತಿರಬೇಕು. ಮೂರನೆಯದನ್ನು ಮರೆತು ಪಿಎಚ್.ಡಿ. ಅರ್ಧಕ್ಕೆ ನಿಲ್ಲಿಸಿದವರು ಎಲ್ಲ ಕಡೆ ಇದ್ದಾರೆ.

ತೀರ್ಪುಗಳನ್ನು ಓದಲು ಈಗ ದುಡ್ಡೇ ಬೇಕೆಂದಿಲ್ಲ. ಇಂಡಿಯನ್ ಕಾನೂನ್ ತಾಣದಲ್ಲಿ ಭಾರತದ ತೀರ್ಪುಗಳು, ಬೈಲಿ ತಾಣದಲ್ಲಿ ಬ್ರಿಟನ್, ಐರ್ಲೆಂಡ್ ತೀರ್ಪುಗಳು ಉಚಿತ. ಎಸ್‌ಸಿಸಿ ಆನ್‌ಲೈನ್, ಮನುಪತ್ರ, ವೆಸ್ಟ್‌ಲಾ, ಲೆಕ್ಸಿಸ್ ಇವಕ್ಕೆ ಚಂದಾ ಬೇಕು. ಸಂಸ್ಥೆಯ ಲೈಬ್ರರಿಯಲ್ಲಿ ಸಾಮಾನ್ಯವಾಗಿ ಒಂದಾದರೂ ಇರುತ್ತದೆ.

ಬರೆಯಿರಿ, ಪ್ರಕಟಿಸಿ

ಮೊದಲ ಲೇಖನಕ್ಕೆ ದೊಡ್ಡ ಸಿದ್ಧಾಂತ ಬೇಡ. ಈಚಿನ ಒಂದು ತೀರ್ಪಿನ ಬಗ್ಗೆ ಟಿಪ್ಪಣಿ ಬರೆಯಿರಿ. ಕೋರ್ಟ್ ಏನು ಹೇಳಿತು ಅನ್ನುವುದಕ್ಕೆ ಕಾಲು ಭಾಗ ಸಾಕು. ಉಳಿದದ್ದು ಅದರ ತರ್ಕ ಎಲ್ಲಿ ಗಟ್ಟಿ, ಎಲ್ಲಿ ಸಡಿಲ, ಮುಂದಿನ ಪ್ರಕರಣದಲ್ಲಿ ಅದರಿಂದ ಏನಾಗುತ್ತದೆ ಅನ್ನುವುದರ ಬಗ್ಗೆ ಇರಲಿ.

ಕಳಿಸುವ ಪದ್ಧತಿ ತಿಳಿದಿರಬೇಕು. ಹೆಚ್ಚಿನ ದೇಶಗಳ ಜರ್ನಲ್‌ಗಳು ಲೇಖನವನ್ನು ಅದೇ ಕ್ಷೇತ್ರದ ತಜ್ಞರಿಗೆ ಹೆಸರು ಮರೆಮಾಡಿ ಕಳಿಸಿ ಓದಿಸುತ್ತವೆ. ಒಂದು ಸಲಕ್ಕೆ ಒಂದೇ ಜರ್ನಲ್‌ಗೆ ಕಳಿಸಬೇಕು. ಅಮೆರಿಕದ ಲಾ ರಿವ್ಯೂಗಳು ಬೇರೆ ಲೋಕ. ಅವುಗಳ ಸಂಪಾದಕರು ಕಾನೂನು ವಿದ್ಯಾರ್ಥಿಗಳು, ಒಂದೇ ಲೇಖನವನ್ನು ಒಟ್ಟಿಗೆ ಹಲವು ಕಡೆ ಕಳಿಸುವುದು ಅಲ್ಲಿ ರೂಢಿ. ಇದು ಗೊತ್ತಿಲ್ಲದೆ ಅದೇ ರೀತಿ ಬೇರೆ ಜರ್ನಲ್‌ಗಳಿಗೆ ಕಳಿಸಿದರೆ ಹೆಸರು ಕೆಡುತ್ತದೆ. ಅಡಿಟಿಪ್ಪಣಿಯ ಶೈಲಿಯನ್ನೂ ನೋಡಿಕೊಳ್ಳಿ. ಆಸ್ಕೋಲಾ ಕೇಳುವವರಿದ್ದಾರೆ, ಬ್ಲೂಬುಕ್ ಕೇಳುವವರಿದ್ದಾರೆ. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುತ್ತೇವೆ ಅನ್ನುವ ಜರ್ನಲ್‌ಗಳಿಂದ ದೂರ ಇರಿ. ಆಯ್ಕೆ ಸಮಿತಿಯವರಿಗೆ ಅವುಗಳ ಹೆಸರು ಚೆನ್ನಾಗಿ ಗೊತ್ತಿರುತ್ತದೆ.

ಪಿಎಚ್.ಡಿ.ಗೆ ಗೈಡ್ ಆರಿಸುವಾಗ ಅವರ ಖ್ಯಾತಿಗಿಂತ ಅವರ ಹಿಂದಿನ ವಿದ್ಯಾರ್ಥಿಗಳನ್ನು ಮಾತಾಡಿಸಿ. ಅಧ್ಯಾಯ ಕೊಟ್ಟರೆ ಎಷ್ಟು ದಿನದಲ್ಲಿ ಓದಿ ಕೊಡುತ್ತಾರೆ ಅಂತ ಕೇಳಿ. ಉತ್ತರ ಅಲ್ಲೇ ಸಿಗುತ್ತದೆ.

ಒಂದು ತರಗತಿಯನ್ನು ಕಟ್ಟುವುದು ಹೇಗೆ

1870ರಲ್ಲಿ ಹಾರ್ವರ್ಡ್ ಲಾ ಸ್ಕೂಲಿನ ಡೀನ್ ಆದ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್ ಒಂದು ಹೊಸ ಪದ್ಧತಿ ತಂದರು. ನಿಯಮಗಳನ್ನು ಒಪ್ಪಿಸುವ ಬದಲು ವಿದ್ಯಾರ್ಥಿಗಳಿಗೆ ತೀರ್ಪುಗಳನ್ನೇ ಓದಲು ಕೊಟ್ಟು, ತರಗತಿಯಲ್ಲಿ ಪ್ರಶ್ನೆ ಕೇಳುತ್ತ ನಿಯಮವನ್ನು ಅವರಿಂದಲೇ ಹೊರಡಿಸುವುದು. ಇವತ್ತಿಗೂ ಜಗತ್ತಿನ ಎಷ್ಟೋ ಕಡೆ ಕಾನೂನು ಪಾಠದ ಬೆನ್ನೆಲುಬು ಇದು. ಬನ್ನಿ, ಒಂದು ಉದಾಹರಣೆ ಇಟ್ಟುಕೊಂಡು ಮಾಡಿ ನೋಡೋಣ.

1928ರ ಆಗಸ್ಟಿನಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಪಟ್ಟಣದ ಒಂದು ಕೆಫೆಯಲ್ಲಿ ಮೇ ಡೊನೊಹ್ಯೂ ಎಂಬ ಮಹಿಳೆಗೆ ಗೆಳತಿಯೊಬ್ಬರು ಜಿಂಜರ್ ಬಿಯರ್ ಕೊಡಿಸಿದರು. ಸ್ವಲ್ಪ ಕುಡಿದ ಮೇಲೆ ಬಾಟಲಿಯಲ್ಲಿ ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಹೊರಬಂತು ಎಂಬುದು ಅವರ ದೂರು. ಅವರು ತಯಾರಕ ಡೇವಿಡ್ ಸ್ಟೀವನ್‌ಸನ್ ಮೇಲೆ ದಾವೆ ಹೂಡಿದರು. 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ 3–2 ಬಹುಮತದಿಂದ, ತಯಾರಕನಿಗೆ ಗ್ರಾಹಕರ ಬಗ್ಗೆ ಎಚ್ಚರ ವಹಿಸುವ ಹೊಣೆ ಇದೆ ಎಂದಿತು.

ಇದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಹಾಗೆ ಮಾಡಿದರೆ ಪರೀಕ್ಷೆ ಆದ ಮರುದಿನ ಎಲ್ಲರಿಗೂ ಮರೆತಿರುತ್ತದೆ. ಬದಲಿಗೆ ಹೀಗೆ ಕೇಳಿ. ಬಾಟಲಿಗೆ ದುಡ್ಡು ಕೊಟ್ಟವರು ಯಾರು? ಗೆಳತಿ. ಹಾಗಾದರೆ ಡೊನೊಹ್ಯೂ ಮತ್ತು ಕೆಫೆ ಮಾಲೀಕರ ನಡುವೆ ಕರಾರು ಇದೆಯೇ? ತಯಾರಕನ ಜೊತೆ ಇದೆಯೇ? ಕರಾರೇ ಇಲ್ಲದಿದ್ದರೆ ಹೊಣೆ ಎಲ್ಲಿಂದ ಬಂತು? ತರಗತಿ ಸುಮ್ಮನಾಗುತ್ತದೆ. ಆಗಲಿ, ಬಿಡಿ. ಹೊಸ ಅಧ್ಯಾಪಕರು ಆ ಮೌನಕ್ಕೆ ಹೆದರಿ ತಾವೇ ಉತ್ತರ ಹೇಳಿಬಿಡುತ್ತಾರೆ. ಸ್ವಲ್ಪ ಕಾದರೆ ಯಾರಾದರೂ ಒಬ್ಬರು ಬಾಯಿ ಬಿಡುತ್ತಾರೆ.

ಆಮೇಲೆ ಸಂಗತಿಗಳನ್ನು ಒಂದೊಂದಾಗಿ ಬದಲಿಸುತ್ತ ಹೋಗಿ. ಆ ಬಾಟಲಿ ಒಳಗೇನಿದೆ ಕಾಣದಷ್ಟು ಕಪ್ಪಾಗಿತ್ತು. ಪಾರದರ್ಶಕವಾಗಿದ್ದರೆ? ಕೆಫೆಯವರು ಮೊದಲೇ ಮುಚ್ಚಳ ತೆಗೆದಿಟ್ಟಿದ್ದರೆ? ಕಾಯಿಲೆ ಬರಲಿಲ್ಲ, ಬರೀ ಅಸಹ್ಯವಾಯಿತು ಅಂದರೆ? ಬಾಟಲಿಯ ಜಾಗದಲ್ಲಿ ಸಾಫ್ಟ್‌ವೇರ್ ಇದ್ದರೆ? ಪ್ರತಿ ಬದಲಾವಣೆಯಲ್ಲೂ ತೀರ್ಪಿನ ಯಾವ ಮಾತು ನಿಲ್ಲುತ್ತದೆ, ಯಾವುದು ಬೀಳುತ್ತದೆ ಅಂತ ವಿದ್ಯಾರ್ಥಿಗಳೇ ಹೇಳಬೇಕು. ಭಿನ್ನಮತದ ಇಬ್ಬರು ನ್ಯಾಯಮೂರ್ತಿಗಳ ಪರ ವಾದಿಸಲು ಅರ್ಧ ತರಗತಿಗೆ ಹೇಳಿ. ಕೊನೆಗೆ ಒಂದು ವಿಷಯ ತಿಳಿಸಿ: ಬಾಟಲಿಯಲ್ಲಿ ಬಸವನಹುಳು ನಿಜವಾಗಿ ಇತ್ತೇ ಅನ್ನುವುದು ಸಾಕ್ಷ್ಯದಿಂದ ಎಂದೂ ಸಾಬೀತಾಗಲಿಲ್ಲ. ಇತ್ತು ಅಂತ ಇಟ್ಟುಕೊಂಡರೆ ಹೊಣೆ ಬರುತ್ತದೆಯೇ ಅನ್ನುವುದಷ್ಟೇ ಅಲ್ಲಿ ತೀರ್ಮಾನವಾಯಿತು. ಸಂಗತಿಯ ಪ್ರಶ್ನೆ ಬೇರೆ, ಕಾನೂನಿನ ಪ್ರಶ್ನೆ ಬೇರೆ ಅನ್ನುವುದು ಆ ಕ್ಷಣ ತಲೆಯಲ್ಲಿ ಕೂರುತ್ತದೆ.

ಒಂದು ಎಚ್ಚರಿಕೆ. ಈ ಪದ್ಧತಿಯನ್ನು ವಿದ್ಯಾರ್ಥಿಗಳನ್ನು ಅವಮಾನಿಸಲು ಬಳಸಿದವರು ಬಹಳ ಜನ. ಯಾರನ್ನೋ ಎಬ್ಬಿಸಿ, ತಡವರಿಸಿದಾಗ ನಗುವುದು ಪಾಠವಲ್ಲ. ಭಾಷೆಯ ತೊಂದರೆಯಿಂದ ಸುಮ್ಮನಿರುವ ವಿದ್ಯಾರ್ಥಿಗೆ ಕಾನೂನು ಗೊತ್ತಿಲ್ಲ ಅಂತ ತೀರ್ಮಾನಿಸಬೇಡಿ. ತನ್ನ ಭಾಷೆಯಲ್ಲೇ ಹೇಳಲು ಬಿಡಿ. ಎಷ್ಟೋ ಸಲ ಆ ತರಗತಿಯ ಅತ್ಯುತ್ತಮ ತರ್ಕ ಅಲ್ಲಿಂದಲೇ ಬರುತ್ತದೆ.

ಪ್ರಶ್ನೆಪತ್ರಿಕೆ ಮತ್ತು ಮೌಲ್ಯಮಾಪನ

ಈ ಕೆಲಸದಲ್ಲಿ ದಣಿವು ತರುವುದು ಇದೇ. ಆದರೂ ವಿದ್ಯಾರ್ಥಿಯ ಬದುಕಿಗೆ ಹೆಚ್ಚು ತಾಗುವುದೂ ಇದೇ. ‘ವ್ಯಾಖ್ಯಾನಿಸಿ, ವಿವರಿಸಿ’ ಅನ್ನುವ ಪ್ರಶ್ನೆಗಳು ನೆನಪಿನ ಶಕ್ತಿಯನ್ನು ಮಾತ್ರ ಅಳೆಯುತ್ತವೆ. ಒಂದು ಸಣ್ಣ ಕಥೆ ಕೊಟ್ಟು, ಯಾರು ಯಾರ ಮೇಲೆ ದಾವೆ ಹೂಡಬಹುದು ಅಂತ ಕೇಳಿ. ಉತ್ತರದಲ್ಲಿ ನಾಲ್ಕು ಸಂಗತಿ ನೋಡಿ: ಕಾನೂನಿನ ಪ್ರಶ್ನೆಯನ್ನು ಗುರುತಿಸಿದ್ದಾರೆಯೇ, ನಿಯಮ ಸರಿಯಾಗಿ ಹೇಳಿದ್ದಾರೆಯೇ, ಅದನ್ನು ಈ ಸಂಗತಿಗಳಿಗೆ ಹೊಂದಿಸಿದ್ದಾರೆಯೇ, ತೀರ್ಮಾನಕ್ಕೆ ಬಂದಿದ್ದಾರೆಯೇ. ಮೂರನೆಯದಕ್ಕೆ ಹೆಚ್ಚು ಅಂಕ ಇಡಿ. ನಿಮ್ಮ ತೀರ್ಮಾನಕ್ಕೆ ವಿರುದ್ಧವಾಗಿ ಬರೆದರೂ ತರ್ಕ ಗಟ್ಟಿಯಾಗಿದ್ದರೆ ಪೂರ್ತಿ ಅಂಕ ಕೊಡಬೇಕು.

ಅಂಕ ಹಂಚಿಕೆಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ವಿದ್ಯಾರ್ಥಿಯ ಹೆಸರು ಕಾಣದಂತೆ ತಿದ್ದಿ. ಒಬ್ಬರ ಇಡೀ ಪತ್ರಿಕೆ ಮುಗಿಸಿ ಮುಂದಿನವರಿಗೆ ಹೋಗುವ ಬದಲು, ಎಲ್ಲರ ಮೊದಲ ಉತ್ತರ, ಆಮೇಲೆ ಎಲ್ಲರ ಎರಡನೇ ಉತ್ತರ ಅಂತ ತಿದ್ದಿದರೆ ಅಳತೆ ಸಮನಾಗಿರುತ್ತದೆ.

ತರಗತಿಯ ಹೊರಗೆ

1978ರಲ್ಲಿ, ಮಥುರಾ ಎಂಬ ಹುಡುಗಿಯ ಪ್ರಕರಣದಲ್ಲಿ, ಅತ್ಯಾಚಾರದ ಆರೋಪ ಹೊತ್ತ ಇಬ್ಬರು ಪೊಲೀಸರನ್ನು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ್ ಕೇಳ್ಕರ್, ವಸುಧಾ ಧಾಗಂವಾರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಶರಣಾಗುವುದಕ್ಕೂ ಒಪ್ಪಿಗೆಗೂ ಇರುವ ವ್ಯತ್ಯಾಸವನ್ನು ತೀರ್ಪು ಕಾಣಲಿಲ್ಲ ಎಂಬುದು ಅವರ ವಾದದ ತಿರುಳು. ಅದರ ಹಿಂದೆಯೇ ದೇಶದಾದ್ಯಂತ ಚಳವಳಿ ಬೆಳೆಯಿತು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಕಸ್ಟಡಿಯಲ್ಲಿ ನಡೆದ ಅತ್ಯಾಚಾರದಲ್ಲಿ ಮಹಿಳೆ ಒಪ್ಪಿಗೆ ಇರಲಿಲ್ಲ ಎಂದು ಹೇಳಿದರೆ ಕೋರ್ಟ್ ಹಾಗೆಯೇ ಭಾವಿಸಬೇಕು ಎಂಬ ನಿಯಮ ಸಾಕ್ಷ್ಯ ಕಾಯ್ದೆಗೆ ಸೇರಿತು.

ಪ್ರಾಧ್ಯಾಪಕರ ಮಾತಿಗೆ ಇಷ್ಟು ಬಲ ಬರುವುದು ಅವರಿಗೆ ಆ ಪ್ರಕರಣದಲ್ಲಿ ಯಾವ ಫೀಸೂ ಇಲ್ಲದಿರುವುದರಿಂದ. ಅಮೆರಿಕದಲ್ಲಿ ರೂತ್ ಬೇಡರ್ ಗಿನ್ಸ್‌ಬರ್ಗ್ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗುವ ಎಷ್ಟೋ ಮೊದಲು ರಟ್ಗರ್ಸ್ ಮತ್ತು ಕೊಲಂಬಿಯಾದಲ್ಲಿ ಕಾನೂನು ಪ್ರಾಧ್ಯಾಪಕಿ. ಲಿಂಗ ಸಮಾನತೆಯ ಪ್ರಕರಣಗಳನ್ನು ವಾದಿಸಿದ್ದು ಆ ವರ್ಷಗಳಲ್ಲೇ. ಭಾರತದಲ್ಲಿ ಎನ್.ಆರ್. ಮಾಧವ ಮೆನನ್ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲನ್ನು ಕಟ್ಟಿ, ಐದು ವರ್ಷದ ಕಾನೂನು ಪದವಿಗೆ ಇಡೀ ದೇಶದಲ್ಲಿ ಬೇರು ಕೊಟ್ಟರು.

ಎಲ್ಲರಿಗೂ ಇಷ್ಟು ದೊಡ್ಡದು ಒದಗುವುದಿಲ್ಲ. ಕಾನೂನು ನೆರವಿನ ಕೇಂದ್ರದಲ್ಲಿ ಕೂತು ವಿದ್ಯಾರ್ಥಿಗಳ ಜೊತೆ ಒಬ್ಬರ ಪಿಂಚಣಿ ಅರ್ಜಿ ಬರೆದುಕೊಡುವುದೂ ಇದೇ ಕೆಲಸ. ಮಸೂದೆಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ನಾಲ್ಕು ಪುಟ ಬರೆದು ಕಳಿಸುವುದೂ ಇದೇ ಕೆಲಸ. ಇವನ್ನು ಹೊರೆ ಅಂತ ನೋಡಬೇಡಿ. ನಿಮ್ಮ ಸಂಶೋಧನೆಯ ಪ್ರಶ್ನೆಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ.

ಅರ್ಜಿ ಮತ್ತು ಇಂಟರ್ವ್ಯೂ

ಸಾಮಾನ್ಯವಾಗಿ ಮೂರು ಭಾಗ ಇರುತ್ತದೆ: ಡೆಮೊ ಪಾಠ, ನಿಮ್ಮ ಸಂಶೋಧನೆಯ ಬಗ್ಗೆ ಮಾತು, ಸಮಿತಿಯ ಮುಂದೆ ಸಂದರ್ಶನ. ಡೆಮೊ ಪಾಠಕ್ಕೆ ಚಿಕ್ಕ ವಿಷಯ ಆರಿಸಿ. ಇಡೀ ಕರಾರು ಕಾನೂನನ್ನು ಹದಿನೈದು ನಿಮಿಷಕ್ಕೆ ತುರುಕುವವರು ಸೋಲುತ್ತಾರೆ. ಒಂದೇ ಪ್ರಕರಣ, ಒಂದೇ ಬಿಕ್ಕಟ್ಟು ಸಾಕು. ಸಂಶೋಧನೆಯ ಮಾತಿನಲ್ಲಿ ಮೊದಲ ಎರಡು ನಿಮಿಷದೊಳಗೆ ನಿಮ್ಮ ಪ್ರಶ್ನೆ ಮತ್ತು ಉತ್ತರ ಎರಡನ್ನೂ ಹೇಳಿಬಿಡಿ. ಯಾರಾದರೂ ಗಟ್ಟಿ ಆಕ್ಷೇಪ ಎತ್ತಿದರೆ ತಕ್ಷಣ ತಳ್ಳಿಹಾಕಬೇಡಿ. ಆ ಆಕ್ಷೇಪ ನಿಜವಾದರೆ ನಿಮ್ಮ ವಾದದಲ್ಲಿ ಏನು ಉಳಿಯುತ್ತದೆ ಅಂತ ಯೋಚಿಸಿ ಹೇಳಿ. ಸಮಿತಿ ನೋಡುವುದು ಅದನ್ನೇ.

ಕೆಲಸದ ಪತ್ರ ಕೈಗೆ ಬಂದಾಗ ಸಹಿ ಮಾಡುವ ಮೊದಲು ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ. ಹುದ್ದೆ ಕಾಯಮ್ಮೋ, ಗುತ್ತಿಗೆಯೋ, ಪ್ರತಿ ಸೆಮಿಸ್ಟರ್ ನವೀಕರಣವೋ? ಗುತ್ತಿಗೆಯಾದರೆ ರಜಾ ತಿಂಗಳ ಸಂಬಳ ಇದೆಯೇ? ವಾರಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಬೇರೆ ಬೇರೆ ವಿಷಯ? ಒಂದೇ ವಿಷಯವನ್ನು ನಾಲ್ಕು ಸೆಕ್ಷನ್‌ಗೆ ಮಾಡುವುದಕ್ಕೂ ನಾಲ್ಕು ವಿಷಯವನ್ನು ಒಂದೊಂದು ಸೆಕ್ಷನ್‌ಗೆ ಮಾಡುವುದಕ್ಕೂ ಬಹಳ ವ್ಯತ್ಯಾಸ. ಪಿಎಚ್.ಡಿ. ಮುಗಿಸಲು ರಜೆ ಕೊಡುತ್ತಾರೆಯೇ? ಲೈಬ್ರರಿಯಲ್ಲಿ ಯಾವ ಡೇಟಾಬೇಸ್ ಇದೆ, ಮನೆಯಿಂದ ತೆರೆಯಬಹುದೇ? ಬಡ್ತಿಗೆ ಏನೇನು ಎಣಿಸುತ್ತಾರೆ? ಅಮೆರಿಕದಂಥ ಕಡೆ ಟೆನ್ಯೂರ್ (ಹುದ್ದೆ ಕಾಯಂ ಮಾಡುವ) ಪರಿಶೀಲನೆ ಯಾವ ವರ್ಷ, ಅದಕ್ಕೆ ಎಷ್ಟು ಲೇಖನ ನಿರೀಕ್ಷೆ? ಈ ಉತ್ತರಗಳನ್ನು ಬರವಣಿಗೆಯಲ್ಲಿ ಪಡೆಯಿರಿ. ಬಾಯಿಮಾತಿನ ಭರವಸೆಯನ್ನು ಕರಾರು ಕಾನೂನು ಓದಿದವರೇ ನಂಬಿ ಸೇರುವುದು ಬೇಡ. ಈಗಾಗಲೇ ಅಲ್ಲಿ ಕೆಲಸ ಮಾಡುತ್ತಿರುವ, ಸೇರಿ ಎರಡು ಮೂರು ವರ್ಷವಾದ ಒಬ್ಬರ ಜೊತೆ ಒಂದರ್ಧ ಗಂಟೆ ಮಾತಾಡಿ, ಕಳೆದ ವರ್ಷ ಬರೆಯಲು ಎಷ್ಟು ಸಮಯ ಸಿಕ್ಕಿತು ಅಂತ ಕೇಳಿ.